ಬೆರಳು ಬಿಟ್ಟಲ್ಲಿ ನಿಲ್ಲುವ ಸಂಖ್ಯೆ

ಪರದೆಯ ಮೇಲೆ ಒಂದು ಸಂಖ್ಯೆ. ಅದರ ಬಲಕ್ಕೆ ಕೂಡುವ ಗುರುತಿನ ಬಟನ್, ಎಡಕ್ಕೆ ಕಳೆಯುವ ಗುರುತಿನ ಬಟನ್. ಒಮ್ಮೆ ಮುಟ್ಟಿದರೆ ಸಂಖ್ಯೆ ಒಂದು ಏರಬೇಕು ಇಲ್ಲವೆ ಒಂದು ಇಳಿಯಬೇಕು. ಒತ್ತಿ ಹಿಡಿದರೆ ಓಡಬೇಕು. ಬೆರಳು ಬಿಟ್ಟರೆ ಬಿಟ್ಟಲ್ಲೇ ನಿಲ್ಲಬೇಕು. ನನ್ನ ದುಡಿಮೆಯ ಬಹುಪಾಲು ವರ್ಷಗಳು ಇಷ್ಟನ್ನು ಸರಿಯಾಗಿ ಮಾಡುವುದರಲ್ಲೇ ಹೋದವು. ಮದುವೆ ಮನೆಗಳಲ್ಲಿ ನನ್ನ ಹೆಂಡತಿ "ನಮ್ಮವರು ಬಟನ್ ಮಾಡ್ತಾರ್ರಿ" ಎಂದು ಹೇಳಿದಾಗ, ಎಷ್ಟೋ ಮಂದಿ ನನ್ನನ್ನು ದರ್ಜಿ ಎಂದುಕೊಂಡು ಬ್ಲೌಸಿನ ಹೊಲಿಗೆ ಎಷ್ಟು ಎಂದು ಕೇಳಿದ್ದುಂಟು.

ಈಗ ಕೆಲಸ ಬಿಟ್ಟು ಮನೆಯಲ್ಲಿದ್ದೇನೆ. ಈ ಕಸುಬಿಗೆ ಹೊಸದಾಗಿ ಬರುವವರು ಬಂದು ಕೇಳುತ್ತಾರೆ, ಏನು ಕಲಿಯಬೇಕು ಕಾಕಾ ಎಂದು. ಯಾವ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಬೇಕು ಎನ್ನುವುದನ್ನು ನಿಮಗೆ ಬೇರೆ ಯಾರಾದರೂ ಹೇಳುತ್ತಾರೆ. ನಾನು ಬೆರಳಿನ ವಿಷಯ ಹೇಳುತ್ತೇನೆ. ಅದನ್ನು ಹೇಳಿಕೊಡುವವರು ಕಡಿಮೆ.

ನಮ್ಮದು ಇಂಡಿ ತಾಲೂಕಿನ ಲಚ್ಯಾಣ. ಅಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುತ್ತಿದ್ದ. ನಮ್ಮ ಕಡೆ ಎತ್ತಿನ ವ್ಯಾಪಾರ ಬಾಯಿಂದ ಆಗುವುದಿಲ್ಲ. ಇಬ್ಬರೂ ಒಂದು ಟವೆಲ್ಲಿನ ಕೆಳಗೆ ಕೈ ಸೇರಿಸುತ್ತಾರೆ. ಬೆರಳು ಹಿಡಿದು ಅದುಮಿದರೆ ಬೆಲೆ ಏರಿತು, ಸಡಿಲ ಬಿಟ್ಟರೆ ಅಲ್ಲಿಗೆ ನಿಂತಿತು. ಸುತ್ತ ನಿಂತ ಜನರಿಗೆ ಕಾಣುವುದು ಇಬ್ಬರ ಮುಖ ಮಾತ್ರ. ಒಂದು ಸಂಖ್ಯೆ ಮಾತಿಲ್ಲದೆ ಒಬ್ಬನ ಮನಸ್ಸಿನಿಂದ ಇನ್ನೊಬ್ಬನ ಮನಸ್ಸಿಗೆ ಚರ್ಮದ ಮೂಲಕ ದಾಟುತ್ತದೆ. ಚೌಕಾಸಿ ಮಾಡುವುದನ್ನು ನಾನು ಕಲಿತದ್ದು ಅಲ್ಲೇ. ಮುಂದೆ ಐ.ಟಿ.ಐ. ಮುಗಿಸಿ, ಮೋಟರ್ ಸುತ್ತುವ ಅಂಗಡಿಯಲ್ಲಿ ಕೈ ಪಳಗಿಸಿ, ವಿಜಯಪುರದ ಒಂದು ಸಣ್ಣ ಕಾರ್ಖಾನೆಗೆ ಸೇರಿದೆ. ಅಲ್ಲಿ ಯಂತ್ರಗಳ ವೇಗ, ಕಾವು ಹೆಚ್ಚು ಕಡಿಮೆ ಮಾಡಲು ಅವುಗಳಿಗೆ ಹಚ್ಚುವ ಪ್ಯಾನೆಲ್ ಮಾಡುತ್ತಿದ್ದರು. ಮುದ್ದೇಬಿಹಾಳದ ಬೇಳೆ ಮಿಲ್ಲುಗಳಿಗೆ, ಸಿಂದಗಿಯ ಹತ್ತಿ ಜಿನ್ನುಗಳಿಗೆ, ಇಂಡಿಯ ಲಿಂಬೆ ತೋಟದ ಪಂಪುಗಳಿಗೆ. ಮಾಲೀಕರೂ ಎಂಜಿನಿಯರೂ ಒಬ್ಬರೇ, ಜಹಗೀರದಾರ ಸರ್. ಅವರು ಸಿಟ್ಟು ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ಆದರೆ ತಪ್ಪು ಮಾಡಿದವನ ಮುಂದೆ ಕುರ್ಚಿ ಎಳೆದುಕೊಂಡು ಕೂತು "ಹೇಳು, ಏನಾಗಿರಬಹುದು?" ಎಂದು ಕೇಳುತ್ತಿದ್ದರು. ಅದಕ್ಕಿಂತ ಎರಡು ಏಟು ಹೊಡೆದಿದ್ದರೆ ಚಲೋ ಇತ್ತು.

ನಾನು ಸೇರಿದಾಗ ಪ್ಯಾನೆಲ್ಲಿನ ಮೇಲೆ ತಿರುಗಿಸುವ ನಾಬ್ ಇರುತ್ತಿತ್ತು. ಹಳೆಯ ರೇಡಿಯೊದ ಹಾಗೆ, ತಿರುಗಿಸಿದಷ್ಟು ಹೆಚ್ಚು. ಆಮೇಲೆ ರಬ್ಬರಿನ ಬಟನ್ ಬಂದವು, ಒತ್ತಿದರೆ ಟಕ್ ಎನ್ನುತ್ತಿದ್ದವು. ಕೊನೆಗೆ ಟಚ್ ಸ್ಕ್ರೀನ್ ಬಂತು. ಬಟನ್ನೇ ಇಲ್ಲ, ಗಾಜಿನ ಮೇಲೆ ಬಟನ್ನಿನ ಚಿತ್ರ. ಮೊದಲ ಸಲ ಆ ಚಿತ್ರವನ್ನು ಮುಟ್ಟಿ ಅದು ಒಳಗೆ ಹೋದಂತೆ ಬಣ್ಣ ಬದಲಿಸಿದ್ದನ್ನು ಕಂಡಾಗ ನಾನು ಬೆರಳನ್ನು ಹಿಂದಕ್ಕೆ ಎಳೆದುಕೊಂಡು ತಿರುಗಿಸಿ ತಿರುಗಿಸಿ ನೋಡಿಕೊಂಡಿದ್ದೆ.

ಮುದ್ದೇಬಿಹಾಳದಲ್ಲಿ ಗೂಳಪ್ಪ ಸಾಹುಕಾರರ ಬೇಳೆ ಮಿಲ್ಲಿಗೆ ಮೊದಲ ಟಚ್ ಪ್ಯಾನೆಲ್ ಹಾಕಿದೆವು. ಒಂದು ಮುಟ್ಟಿಗೆ ಒಂದು ಅಂಕಿ ಏರುವಂತೆ ಮಾಡಿದ್ದೆ. ಸಾಹುಕಾರರು ಬೆರಳಿನಿಂದ ಕುಟ್ಟಿದರು, ಕುಟ್ಟಿದರು, ಕುಟ್ಟುತ್ತಲೇ ಇದ್ದರು.

"ಏ ಮಲ್ಲಣ್ಣ, ಇದೇನು ಬಟನ್ನೋ ಖಲಬತ್ತೋ? ಬ್ಯಾಳಿ ಒಡಿಯಾಕ ಮಷೀನ್ ತಗೊಂಡ್ರ, ಕುಟ್ಟೋ ಕೆಲಸ ನನ್ನ ಬೆರಳಿಗೇ ಹಚ್ಚಿದಿ ನೋಡು!"

"ಒತ್ತಿ ಹಿಡದ್ರ ಓಡೂವಂಗ ಮಾಡಿಕೊಡ್ತೇನಿ ಸಾಹುಕಾರ್ರ. ಆದ್ರ ಎರಡನೇ ಮಷೀನಿನ ಪ್ಯಾನೆಲ್ಲೂ ನಮಗ ಕೊಡಬೇಕು."

"ಮೊದಲ ಇದನ್ನ ಓಡಿಸಪಾ. ಆಮ್ಯಾಲ ನಿನ್ನ ದಲಾಲಿ ಓಡಸ್ವಂತಿ."

ವಾಪಸ್ ಬಂದು ಬರೆದೆ. ನನ್ನ ತಿಳಿವಳಿಕೆ ಸರಳವಾಗಿತ್ತು: ಬಟನ್ ಒತ್ತಿರುವ ತನಕ ಒಂದೊಂದೇ ಕೂಡುತ್ತಾ ಹೋಗು ಎಂದು ಯಂತ್ರಕ್ಕೆ ಹೇಳುವುದು. ಹೇಳಿದೆ, ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಸಂಖ್ಯೆ ತುದಿ ಮುಟ್ಟಿತ್ತು, ಪರದೆ ಸತ್ತು ಬಿದ್ದಿತ್ತು. ಬೆರಳು ತೆಗೆದರೂ ಅಲ್ಲಾಡಲಿಲ್ಲ. ಜಹಗೀರದಾರ ಸರ್ ಕುರ್ಚಿ ಎಳೆದುಕೊಂಡರು.

"ನೋಡು ಮಲ್ಲಣ್ಣ, ನೀ ಯಂತ್ರಕ್ಕ ಎಣಸು ಅಂದಿ. ಪಾಪ, ಅದು ಎಣಸಾಕ ಕುಂತಬಿಟ್ಟದ. ಬೆರಳು ಎದ್ದದ್ದನ್ನ ನೋಡಾಕ ಅದಕ್ಕ ಪುರುಸೊತ್ತರ ಎಲ್ಲದ? ಬಟನ್ ಎರಡ ಮಾತು ಹೇಳ್ಲಿ. ಬೆರಳು ಬಂತು, ಬೆರಳು ಹೋತು. ಎಣಸೋ ಕೆಲಸ ಗಡಿಯಾರಕ್ಕ ಕೊಡು."

ಅಂದರೆ ಹೀಗೆ. ಬೆರಳು ಬಂದಾಗ ಒಳಗಿನ ಟೈಮರನ್ನು ಎಬ್ಬಿಸಬೇಕು. ಅದು ತನ್ನ ತಾಳದಲ್ಲಿ ಒಂದೊಂದು ಸಲ ಮಿಡಿದಾಗಲೂ ಸಂಖ್ಯೆ ಒಂದು ಹೆಜ್ಜೆ ಇಡುತ್ತದೆ, ಆ ನಡುವೆ ಪರದೆ ತನ್ನ ಉಳಿದ ಕೆಲಸ ನೋಡಿಕೊಳ್ಳುತ್ತದೆ. ಬೆರಳು ಹೋದಾಗ ಟೈಮರನ್ನು ಮಲಗಿಸಬೇಕು. ಬೆರಳು ಎಣಿಸುವುದೇ ಇಲ್ಲ. ಅದು ಕಾಲಕ್ಕೆ ಅಪ್ಪಣೆ ಕೊಡುತ್ತದೆ, ಅಪ್ಪಣೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಇದು ಹೊಳೆದ ದಿನ ನಾನು ಊಟದ ಡಬ್ಬಿ ತೆರೆಯುವುದನ್ನೂ ಮರೆತು ಆ ಬಟನ್ನನ್ನು ಒತ್ತುತ್ತಾ ಬಿಡುತ್ತಾ ಕೂತಿದ್ದೆ. ಜಗತ್ತಿನಲ್ಲಿ ನಾವು ಒತ್ತಿ ಹಿಡಿಯುವುದೆಲ್ಲ ಹೀಗೇ ಇರಬಹುದೇ ಎನ್ನಿಸಿತ್ತು.

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ಇಂಡಿಯ ಲಿಂಬೆ ತೋಟದವರೊಬ್ಬರು ಫೋನ್ ಮಾಡಿ ಕರೆಸಿದರು. ಮಣ್ಣಿನ ಕೆಲಸ ಮಾಡಿದ ಬೆರಳು, ನಿಧಾನಕ್ಕೆ ಇಟ್ಟು ನಿಧಾನಕ್ಕೆ ಎತ್ತುತ್ತಾರೆ. ಎತ್ತುವುದರೊಳಗೆ ಟೈಮರ್ ಎರಡು ಮೂರು ಸಲ ಮಿಡಿದಿರುತ್ತಿತ್ತು. "ನಾ ಒಂದ ಕೊಟ್ಟೆ, ಇದು ಮೂರು ತಗೊಂತು. ಥೇಟ್ ದಲಾಲಿ ಮಗಾನ ಮಾಡಿದ್ದು ಬಿಡ್ರಿ ಇದು!" ಎಂದು ನನ್ನ ಎದುರಿಗೇ ನಕ್ಕರು. ಆಗ ಕಲಿತೆ: ಮೊದಲ ಹೆಜ್ಜೆ ತಕ್ಷಣ ಇಡಬೇಕು, ಆಮೇಲೆ ತಡೆಯಬೇಕು. ಈ ಮನುಷ್ಯ ಸುಮ್ಮನೆ ಮುಟ್ಟಿದನೋ, ಹಿಡಿದೇ ಇರುತ್ತಾನೋ ಎಂದು ಒಂದು ಉಸಿರಿನಷ್ಟು ಕಾಯಬೇಕು. ಹಿಡಿದೇ ಇದ್ದರೆ ಓಡಬೇಕು. ಆ ಕಾಯುವುದು ಹೆಚ್ಚಾದರೆ ಯಂತ್ರ ಮಂದ ಎನ್ನುತ್ತಾರೆ, ಕಡಿಮೆಯಾದರೆ ಕಳ್ಳ ಎನ್ನುತ್ತಾರೆ. ನಡುವಿನ ಜಾಗವನ್ನು ಕಾರ್ಖಾನೆಯಲ್ಲಿ ಕೂತು ಹುಡುಕಬೇಡಿ. ಗಿರಾಕಿಯ ತೋಟಕ್ಕೆ ಹೋಗಿ, ಅವರ ಬೆರಳನ್ನು ನೋಡಿ.

ಸಿಂದಗಿಯ ಜಿನ್ನಿನಲ್ಲಿ ಇನ್ನೊಂದು. ಹತ್ತಿಯ ಧೂಳಿನಲ್ಲಿ ನಿಂತ ಆಪರೇಟರ್ ಬಟನ್ ಒತ್ತಿ ಹಿಡಿದಿದ್ದ. ಯಾರೋ ಕರೆದರೆಂದು ತಿರುಗಿದ. ಬೆರಳು ಗಾಜಿನ ಮೇಲೆ ಜಾರಿ, ಬಟನ್ನಿನ ಚಿತ್ರದ ಆಚೆ ಹೋಗಿ, ಅಲ್ಲಿಂದ ಎದ್ದಿತು. ಬಟನ್ನಿಗೆ ಬೆರಳು ಬಂದದ್ದು ಗೊತ್ತು. ಹೋದದ್ದು ಬೇರೆ ಕಡೆಯಿಂದ, ಅದಕ್ಕೆ ಸುದ್ದಿಯೇ ಮುಟ್ಟಲಿಲ್ಲ. ಸಂಖ್ಯೆ ಏರುತ್ತಲೇ ಹೋಯಿತು. ಮ್ಯಾನೇಜರ್ ಬೈಯುತ್ತಾ ಬಂದರೆ ಆತ ಎರಡೂ ಕೈ ಮೇಲೆತ್ತಿ ಪೊಲೀಸರ ಮುಂದೆ ನಿಂತವನ ಹಾಗೆ ಕೂಗುತ್ತಿದ್ದ: "ನಾ ಮುಟ್ಟಿಲ್ರಿ! ನೋಡ್ರಿ, ಎರಡೂ ಕೈ ಮ್ಯಾಗ ಅದಾವು!" ಆದ್ದರಿಂದ ಬೆರಳು ಬರುವುದನ್ನು ಬಟನ್ನಿನ ಬಾಗಿಲಲ್ಲಿ ಕಾಯಿರಿ, ಹೋಗುವುದನ್ನು ಮಾತ್ರ ಇಡೀ ಪರದೆಯ ತುಂಬ ಕಾಯಿರಿ. ಎಲ್ಲಿಂದ ಎದ್ದರೂ ನಿಲ್ಲಬೇಕು.

ವೇಗದ ವಿಷಯದಲ್ಲಿ ಸರ್ ಜೊತೆ ನನ್ನ ವಾದ ಬಹಳ ದಿನ ನಡೆಯಿತು. ಹಿಡಿದಷ್ಟೂ ವೇಗ ಹೆಚ್ಚಬೇಕು ಎನ್ನುವುದು ಅವರ ಮಾತು. ಚೌಕಾಸಿಯಲ್ಲಿ ಬೆಳೆದವನು ನಾನು. ವ್ಯಾಪಾರದಲ್ಲಿ ಮೊದಲು ದೊಡ್ಡ ಜಿಗಿತ, ಕೊನೆಗೆ ಸಣ್ಣ ಸಣ್ಣ ಹೆಜ್ಜೆ, ಇದೂ ಹಾಗೇ ಇರಲಿ ಎಂದು ಪಟ್ಟು ಹಿಡಿದೆ. ಸರ್ ನಕ್ಕರು. "ವ್ಯಾಪಾರದಾಗ ಎಲ್ಲಿ ನಿಲ್ಲತದ ಅನ್ನೋದು ಇಬ್ಬರಿಗೂ ಅಂದಾಜು ಇರತದ. ಬಟನ್ನಿಗೆ ಆ ಬೆರಳಿನ ಮನಸ್ಸು ಹೆಂಗ ಗೊತ್ತಾಗಬೇಕು?" ನಾನು ಸೋತೆ. ಹೌದಲ್ಲ, ಗಾಜಿಗೆ ಗೊತ್ತಾಗುವುದು ಇರುವಿಕೆ ಒಂದೇ. ಮನಸ್ಸಿನಲ್ಲಿರುವ ಸಂಖ್ಯೆ ಮನುಷ್ಯನೊಬ್ಬನಿಗೇ ಗೊತ್ತು. ಆದರೂ ಅದೆಷ್ಟು ಸಲೀಸಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ! ಕಣ್ಣು ನೋಡುತ್ತದೆ, ಸಾಕು ಎನ್ನುತ್ತದೆ, ಬೆರಳು ಏಳುತ್ತದೆ. ಆ ದಾರಿಯಲ್ಲಿ ಒಂದಿಷ್ಟು ಹೊತ್ತು ಹೋಗೇ ಹೋಗುತ್ತದೆ, ಸಂಖ್ಯೆ ಸ್ವಲ್ಪ ಮುಂದೆ ದಾಟಿರುತ್ತದೆ. ಆಗ ಕಳೆಯುವ ಬಟನ್ನನ್ನು ಒಮ್ಮೆ ಮುಟ್ಟಿ ಸರಿ ಮಾಡಿಕೊಳ್ಳುತ್ತಾರೆ. ನಮ್ಮ ಭಾಗದ ಯಾವ ತಾಲೂಕಿಗೆ ಹೋದರೂ ಎಲ್ಲರೂ ಹೇಳಿಕೊಡದೇ ಹಾಗೇ ಮಾಡಿದರು.

ಇಷ್ಟೆಲ್ಲ ತಿಳಿದುಕೊಂಡು, ಇನ್ನು ಬಟನ್ನಿನಲ್ಲಿ ಕಲಿಯುವುದೇನೂ ಉಳಿದಿಲ್ಲ ಎಂದುಕೊಂಡಿದ್ದ ಹೊತ್ತಿನಲ್ಲಿ, ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚೆ, ಬಸವನ ಬಾಗೇವಾಡಿಯ ಗೌರವ್ವನವರ ರೊಟ್ಟಿ ಕಾರ್ಖಾನೆಗೆ ಹೋದೆ.

ಕಾರ್ಖಾನೆ ಎಂದರೆ ಒಂದು ಉದ್ದನೆಯ ತಗಡಿನ ಶೆಡ್ಡು. ಕಟಕ ರೊಟ್ಟಿ, ಅಂದರೆ ಮುರಿದರೆ ಸದ್ದಾಗುವ ಗರಿಗರಿ ಜೋಳದ ರೊಟ್ಟಿ, ಮಾಡಿ ಊರೂರಿಗೆ ಕಳಿಸುತ್ತಾರೆ. ಗೌರವ್ವ ಒಂದೇ ಒಲೆಯಿಂದ ಶುರು ಮಾಡಿದ ಕೆಲಸ. ಅವರು ರೊಟ್ಟಿ ಬಡಿಯುವ ಸಪ್ಪಳಕ್ಕೆ ಓಣಿಯ ಮಂದಿ ಎದ್ದೇಳುತ್ತಿದ್ದರಂತೆ. ನಾನು ಹೋಗುವ ಹೊತ್ತಿಗೆ ಅವರ ಬಲಗೈ ನಡುಗಲು ಹತ್ತಿತ್ತು. ಔಷಧ ನಡೆದಿತ್ತು, ನಡುಕ ನಿಂತಿರಲಿಲ್ಲ. ರೊಟ್ಟಿ ಬಡಿಯುವುದು ಬಿಟ್ಟಿದ್ದರು. ಎಡಗೈಯ ಬೆರಳುಗಳು ಹಿಂದೆಂದೋ ಹಂಚಿನ ಬಿಸಿಗೆ ಸಿಕ್ಕು ಮುದುಡಿಕೊಂಡಿದ್ದವು. ಸೊಸೆ ಸವಿತಾ ಎಲ್ಲ ವ್ಯವಹಾರ ನೋಡಿಕೊಳ್ಳುತ್ತಿದ್ದಳು. ಚುರುಕಾದ ಹೆಣ್ಣುಮಗಳು. ಅವಳೇ ಹೊಸ ಮಷೀನ್ ತರಿಸಿದ್ದು. ಅದು ಹಿಟ್ಟು ನಾದಿ, ಒತ್ತಿ, ಗ್ಯಾಸಿನಲ್ಲಿ ಕಾದ ತಗಡುಗಳ ನಡುವೆ ಸಾಗಿಸುತ್ತದೆ. ತಗಡಿನ ಕಾವು ಎಷ್ಟಿರಬೇಕು ಎನ್ನುವುದು ನಮ್ಮ ಪ್ಯಾನೆಲ್ಲಿನ ಮೇಲಿನ ಸಂಖ್ಯೆ.

ಆ ಸಂಖ್ಯೆ ದಿನವೂ ಒಂದೇ ಅಲ್ಲ. ಹೊಸ ಜೋಳಕ್ಕೆ ಒಂದು, ಹಳೆಯ ಜೋಳಕ್ಕೆ ಒಂದು, ಮೋಡ ಇದ್ದ ದಿನ ಇನ್ನೊಂದು. ಹಿಟ್ಟು ಮುಟ್ಟಿ ಕಾವು ಹೇಳುವುದು ಗೌರವ್ವನ ಕೆಲಸವಾಗಿತ್ತು. ಬಡಿಯುವುದು ಹೋದ ಮೇಲೆ ಆ ಶೆಡ್ಡಿನಲ್ಲಿ ಅವರದು ಎಂದು ಉಳಿದದ್ದು ಅದೊಂದೇ.

ಪ್ಯಾನೆಲ್ ಹಚ್ಚಿ ಮುಗಿಸಿ "ಅಕ್ಕಾರ, ಮೊದಲ ಕಾವು ನೀವ ಇಡ್ರಿ" ಎಂದೆ. ಹೆಣ್ಣುಮಕ್ಕಳೆಲ್ಲ ಸುತ್ತ ನಿಂತರು. ಗೌರವ್ವ ಬೆರಳು ಇಟ್ಟರು. ನಡುಗುವ ಬೆರಳು ಗಾಜಿನಿಂದ ಎದ್ದು ಎದ್ದು ಬಿತ್ತು. ಪ್ರತಿ ಸಲ ಬಿದ್ದಾಗಲೂ ಸಂಖ್ಯೆ ಒಂದು ಏರಿತು. ಒಂದು ಏರಿಸಬೇಕೆಂದರೆ ಆರೇಳು ಏರುತ್ತಿತ್ತು. ಒತ್ತಿ ಹಿಡಿಯೋಣವೆಂದರೆ, ಯಂತ್ರ ಆ ಒಂದು ಉಸಿರು ಕಾಯುವುದರೊಳಗೆ ಬೆರಳು ಎದ್ದಿರುತ್ತಿತ್ತು. ಹಿಡಿತ ಎನ್ನುವುದೇ ಅದಕ್ಕೆ ತಿಳಿಯಲಿಲ್ಲ.

"ಯವ್ವಾ, ಬಾಗಲಾ ಬಡದಂಗ ಬಡ್ಯಾಕತ್ತೀರಿ, ಒಳಗಿನವ್ರು ಯಾರೂ ಇಲ್ಲಬೇ" ಎಂದು ಲಕ್ಕವ್ವ ಎನ್ನುವ ಕೆಲಸದಾಕೆ ನಗಿಸಲು ನೋಡಿದಳು. ಯಾರೂ ನಗಲಿಲ್ಲ.

"ಅತ್ತಿ, ನೀವು ಬಾಯಿಲೆ ಹೇಳ್ರಿ, ನಾ ಒತ್ತತೇನಿ" ಎಂದಳು ಸವಿತಾ. ಅದನ್ನೂ ಮಾಡಿ ನೋಡಿದರು. ಗೌರವ್ವ ಸಾಕು ಎನ್ನುವುದರಲ್ಲಿ ಸಂಖ್ಯೆ ದಾಟಿರುತ್ತಿತ್ತು. ಇಳಿಸು ಎಂದರೆ ಎಷ್ಟು ಇಳಿಸಲಿ ಎಂದು ಸವಿತಾ ಕೇಳುತ್ತಿದ್ದಳು. ಎಷ್ಟು ಎಂದು ಗೌರವ್ವನಿಗೆ ಹೇಳಲು ಬರುತ್ತಿರಲಿಲ್ಲ. ಕೈಗೆ ಗೊತ್ತಿದ್ದದ್ದು ಬಾಯಿಗೆ ಗೊತ್ತಿರಲಿಲ್ಲ.

ಹೊರಡುವಾಗ ಸವಿತಾ ನನ್ನನ್ನು ಬಾಗಿಲವರೆಗೆ ಕಳಿಸಲು ಬಂದಳು. "ಕಾಕಾ, ವಿಜಯಪುರದಾಗ ಒಬ್ಬ ಆಪರೇಟರ್ ನೋಡೇನಿ. ಅಮಾವಾಸಿ ಮರುದಿನ ಬರ್ತಾನ. ಕಾವು ತಪ್ಪಿದ್ರ ಹುಡುಗ್ಯಾರ ಕೈ ಸುಡ್ತಾವರಿ, ನಾ ಏನ್ ಮಾಡ್ಲಿ? ಅತ್ತಿ ಪ್ಯಾಕಿಂಗಿನ ಕಡೆ ಆರಾಮ ಕುಂದರ್ಲಿ."

ಅವಳ ಮಾತು ತಪ್ಪಲ್ಲ. ಆದರೆ ಹಿಂದೆ ನಿಂತಿದ್ದ ಗೌರವ್ವನಿಗೂ ಅದು ಕೇಳಿಸಿತ್ತು. ಸವಿತಾ ಒಳಗೆ ಹೋದ ಮೇಲೆ ನನ್ನ ಹತ್ತಿರ ಬಂದರು.

"ತಮ್ಮಾ, ಕುಂದ್ರು ಅಂದ್ರ ಕುಂದರ್ತೇನಿ. ಆದ್ರ ಒಮ್ಮಿ ಕುಂತ್ನೆಂದ್ರ ಇವರು ನನ್ನನ್ನ ಕೇಳೂದ ಬಿಡ್ತಾರ. ಈ ಕೈಗೆ ಒಂದು ಹಾದಿ ಮಾಡಿಕೊಡ್ತೀಯೇನು?"

ನಾನು ಸುಮ್ಮನೆ ಹೂಂ ಎನ್ನುವವನಲ್ಲ. "ಮಾಡ್ತೇನಿ ಅಕ್ಕಾರ. ಆದ್ರ ಒಂದು ಕರಾರು. ದಿನಾ ಮುಂಜಾನೆ ನಿಮ್ಮ ಕೈ ನನಗ ಕೊಡಬೇಕು, ನೋಡಾಕ."

"ಈ ವಯಸ್ಸಿನಾಗ ಕೈ ಕೇಳಾಕ ಬಂದಿಯೇನೋ!" ಎಂದು ಅವತ್ತು ಮೊದಲ ಸಲ ನಕ್ಕರು.

ಮರುದಿನದಿಂದ ಮೊದಲ ಬಸ್ಸಿಗೆ ಬಾಗೇವಾಡಿಗೆ ಹೋಗತೊಡಗಿದೆ. ಗೌರವ್ವ ಗಾಜಿನ ಮೇಲೆ ಬೆರಳು ಇಡುತ್ತಿದ್ದರು, ನಾನು ಅವರ ಕೈಮೇಲೆ ಕೈ ಇಟ್ಟು ಕೂರುತ್ತಿದ್ದೆ. ನಡುಕಕ್ಕೆ ಒಂದು ಲಯ ಇತ್ತು. ಬೆರಳು ಎದ್ದಾಗ ಎಲ್ಲಿಗೂ ಹೋಗುತ್ತಿರಲಿಲ್ಲ, ಕೂಡಲೇ ತನ್ನ ಜಾಗಕ್ಕೆ ಮರಳುತ್ತಿತ್ತು. ಬಿಡಬೇಕು ಎಂದು ಅವರು ಮನಸ್ಸು ಮಾಡಿದಾಗ ಮಾತ್ರ ಪೂರ್ತಿ ಏಳುತ್ತಿತ್ತು. ಮನಸ್ಸಿಲ್ಲದೆ ಎದ್ದದ್ದು ಬೇರೆ, ಮನಸ್ಸಿನಿಂದ ಎದ್ದದ್ದು ಬೇರೆ. ನನ್ನ ಅಂಗೈಗೆ ಈ ವ್ಯತ್ಯಾಸ ಸ್ಪಷ್ಟವಾಗಿ ತಿಳಿಯುತ್ತಿತ್ತು. ನನ್ನ ಪ್ರೋಗ್ರಾಮಿಗೆ ಮಾತ್ರ ತಿಳಿದಿರಲಿಲ್ಲ.

ಅದಕ್ಕೆ ತಿಳಿಸಿದೆ. ಬೆರಳು ಎದ್ದ ಕೂಡಲೇ ಹೋಯಿತು ಎನ್ನಬೇಡ, ಅರೆಗಳಿಗೆ ತಾಳು. ಮರಳಿ ಅಲ್ಲೇ ಬಂದರೆ, ಎದ್ದೇ ಇರಲಿಲ್ಲ ಎಂದುಕೊ. ಬಟನ್ನನ್ನೂ ದೊಡ್ಡದು ಮಾಡಿದೆ. ಹಾಗೆ ಮಾಡಿ ತೋರಿಸಿದ ಮುಂಜಾನೆ ಗೌರವ್ವ ಬೆರಳು ಇಟ್ಟರು. ಕೈ ನಡುಗುತ್ತಿತ್ತು. ಸಂಖ್ಯೆ ನಡುಗಲಿಲ್ಲ. ಕೆರೆಯ ನೀರು ಏರಿದ ಹಾಗೆ ಸಮವಾಗಿ, ಸದ್ದಿಲ್ಲದೆ ಏರಿತು. ಅವರು ಬಿಟ್ಟರು, ನಿಂತಿತು. ಲಕ್ಕವ್ವ ಬಾಯಿಯ ಮೇಲೆ ಸೆರಗು ಹಿಡಿದು ನಿಂತಳು. ಗೌರವ್ವ ಒಮ್ಮೆ ಕೈಯನ್ನು, ಒಮ್ಮೆ ಸಂಖ್ಯೆಯನ್ನು ನೋಡಿದರು.

ಮರುದಿನ ನಾನು ಬಸ್ಸಿನಲ್ಲಿದ್ದಾಗಲೇ ಸವಿತಾಳ ಫೋನು.

"ಕಾಕಾ, ಕಾವು ತಾನ ಏರಾಕತ್ತೈತ್ರಿ! ಯಾರೂ ಮುಟ್ಟಿಲ್ಲ!"

"ಮೇನ್ ಬಂದ್ ಮಾಡವ್ವಾ, ಮೊದಲ ಮೇನ್ ಬಂದ್ ಮಾಡು."

ಹೋಗಿ ನೋಡಿದರೆ ಶೆಡ್ಡಿನ ತುಂಬ ಸೀದ ವಾಸನೆ. ಪುಣ್ಯಕ್ಕೆ ಯಾರ ಕೈಯೂ ಸುಟ್ಟಿರಲಿಲ್ಲ. ಕೆಲಸದವರೆಲ್ಲ ಹೊರಗೆ ನಿಂತಿದ್ದರು. ಎಲ್ಲರ ಕಣ್ಣು ಗೌರವ್ವನ ಕೈಮೇಲೆ. ಅವರು ಆ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು.

"ಅತ್ತಿ ಕೈ ತಾಗಿರಬೇಕ್ರಿ" ಎಂದಳು ಸವಿತಾ ಮೆಲ್ಲಗೆ.

"ನಾ ಮುಟ್ಟಿಲ್ಲವಾ. ವಿಭೂತಿ ಹಚ್ಚಿ ಹೊರಗ ಬಂದೇನಿ, ಅಷ್ಟ."

ಈ ಮಾತು ನನ್ನ ಕಿವಿಗೆ ಬಿತ್ತು. "ಎಲ್ಲಿ ಹಚ್ಚಿದ್ರಿ ಅಕ್ಕಾರ?"

"ಮಷೀನಿಗಿ. ಮೊದಲ ಹಂಚಿಗೆ ಹಚ್ತಿದ್ದೆ. ಈಗ ಹಂಚು ಒಳಗ ಹೋಗೈತಿ. ಮಷೀನಿನ ಮಾರಿ ಅಂದ್ರ ಇದ ಅಲ್ಲೇನು?" ಎಂದು ಮಷೀನಿನ ಮುಖದಂತಿದ್ದ ಪರದೆಯ ಕಡೆ ಕೈ ಮಾಡಿದರು.

ಹೌದು, ಒಲೆ ಹೊತ್ತಿಸುವ ಮೊದಲು ಹಂಚಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುವುದು ಅವರ ಮನೆಯ ರೂಢಿ. ಇಷ್ಟು ದಿನ ಹಳೆಯ ಹಂಚಿನ ಒಂದು ಚೂರನ್ನು ಮೂಲೆಯಲ್ಲಿ ಇಟ್ಟು ಅದಕ್ಕೇ ಹಚ್ಚುತ್ತಿದ್ದರು. ಅವತ್ತು ಮಷೀನು ತಮ್ಮ ಕೈಗೆ ಒಲಿಯಿತಲ್ಲ ಎಂದು ಮೊದಲ ಸಲ ಪರದೆಗೆ ಹಚ್ಚಿದ್ದರು. ಒಣ ವಿಭೂತಿಯಲ್ಲ, ನೀರಿನಲ್ಲಿ ಕಲಸಿದ್ದು. ಮೂರು ಪಟ್ಟಿಯ ಬಲ ತುದಿ ಸರಿಯಾಗಿ ಕೂಡುವ ಬಟನ್ನಿನ ಮೇಲೆ ಬಿದ್ದಿತ್ತು. ಈ ಗಾಜು ಹಸಿಯನ್ನೂ ಚರ್ಮವನ್ನೂ ಒಂದೇ ಎಂದು ತಿಳಿಯುತ್ತದೆ. ಮೊದಲಿನ ಬಟನ್ ಆಗಿದ್ದರೆ ಹಸಿ ಒಮ್ಮೆ ತಾಗಿ ಒಮ್ಮೆ ತಪ್ಪಿ ಸುಮ್ಮನಾಗುತ್ತಿತ್ತೋ ಏನೋ. ಈಗ ತಪ್ಪಿದ್ದನ್ನು ತಪ್ಪಿಲ್ಲ ಎಂದುಕೊಳ್ಳುವಂತೆ ನಾನೇ ಕಲಿಸಿದ್ದೆ. ಗೌರವ್ವನ ಕೈಗೆಂದು ತೆರೆದ ಬಾಗಿಲಿನಿಂದ ವಿಭೂತಿ ಒಳಗೆ ಬಂದಿತ್ತು.

"ವಿಭೂತಿ ಚೌಕಟ್ಟಿಗೆ ಹಚ್ರಿ ಅಕ್ಕಾರ, ಗಾಜಿಗೆ ಬ್ಯಾಡ" ಎಂದೆ. ಅವರು ಕೂಡಲೇ ಒಪ್ಪಿದರು. ಸವಿತಾ ಒಪ್ಪಲಿಲ್ಲ.

"ವಿಭೂತಿ ಬಿಡ್ರಿ ಕಾಕಾ. ನಾಳೆ ಹಸಿ ಹಿಟ್ಟು ಸಿಡದ್ರ? ಎಸರು ಚೆಲ್ಲಿದ್ರ? ಹಳೇ ಬಟನ್ನ ಹಾಕಿಬಿಡ್ರಿ. ಅಮಾವಾಸಿ ಹತ್ರ ಬಂತು, ಅಂವಾ ಬಂದು ನೋಡ್ಕೋತಾನ."

ಹಳೆಯ ಬಟನ್ ಹಾಕಿದರೆ ಗೌರವ್ವನಿಗೆ ಬಾಗಿಲು ಮುಚ್ಚಿತು. ಹೊಸದು ಇಟ್ಟರೆ ಹುಡುಗಿಯರ ಕೈಗೆ ಅಪಾಯ. ಕಾವಿಗೆ ಒಂದು ಮೇಲ್ಮಿತಿ ಹಾಕಿದೆ. ಅದು ಹೇಗೂ ಬೇಕೇ ಬೇಕು, ನೀವೂ ಮರೆಯದೆ ಹಾಕಿ. ಆದರೆ ಮಿತಿಯ ತನಕ ತಾನಾಗಿ ಏರುವ ಯಂತ್ರವನ್ನು ಯಾರು ನಂಬುತ್ತಾರೆ?

"ಎರಡು ದಿನ ಕೊಡವ್ವಾ" ಎಂದೆ.

"ಒಂದ್ ದಿನ."

"ನಾಳೆ ಸಂಜಿಮಟ. ಆಗ್ಲಿಲ್ಲಂದ್ರ ನಾನ ಹಳೇದು ಹಾಕಿ ಹೋಗ್ತೇನಿ."

ಮಷೀನಿನ ಗ್ಯಾಸು ಬಂದ್ ಮಾಡಿಸಿ ಪರದೆಯೊಂದನ್ನೇ ಚಾಲೂ ಇಟ್ಟುಕೊಂಡು ಕೂತೆ. ಗಾಜಿಗೆ ಎಲ್ಲಿ ಏನು ತಾಗುತ್ತಿದೆ ಎನ್ನುವುದು ಚುಕ್ಕಿಯಾಗಿ ಕಾಣುವಂತೆ ಮಾಡಿಕೊಂಡೆ. ಮೊದಲು ನಾನೇ ಒಂದಿಷ್ಟು ಹಸಿ ವಿಭೂತಿ ಹಚ್ಚಿದೆ. ಒಂದು ಚುಕ್ಕಿ ಮೂಡಿತು. ಮೊಳೆ ಹೊಡೆದ ಹಾಗೆ ಅಲ್ಲೇ ನಿಂತಿತು. ಒರೆಸಿ, ಗೌರವ್ವನನ್ನು ಕರೆದೆ. ಅವರ ಬೆರಳಿನ ಚುಕ್ಕಿಗಳು ಮೊರದಲ್ಲಿ ಕೇರುವ ಜೋಳದ ಹಾಗೆ ಚಿಮ್ಮಿದವು. ಇದು ನಿರೀಕ್ಷಿಸಿದ್ದೇ. ಆಮೇಲೆ ಸುಮ್ಮನೆ, ಯಾಕೆಂದು ಈಗಲೂ ಹೇಳಲಾರೆ, ಸವಿತಾಳನ್ನು ಕರೆದು ಬೆರಳು ಇಡಲು ಹೇಳಿದೆ. "ಅಲ್ಲಾಡಸಬ್ಯಾಡ. ಕಲ್ಲಿನಂಗ ಹಿಡಿ."

ಅವಳು ಉಸಿರು ಬಿಗಿಹಿಡಿದು ಇಟ್ಟಳು. ಗಟ್ಟಿ ಕೈ, ಹರೆಯದ ಕೈ. ಪರದೆಯ ಮೇಲೆ ಚುಕ್ಕಿ ಮೂಡಿತು, ಮತ್ತು ಅಲುಗಿತು. ಒಂದು ಕೂದಲೆಳೆಯಷ್ಟು ಆ ಕಡೆ, ಒಂದು ಕೂದಲೆಳೆಯಷ್ಟು ಈ ಕಡೆ.

"ಅಲ್ಲಾಡಸಬ್ಯಾಡವ್ವಾ."

"ಅಲ್ಲಾಡಸಾಕತ್ತಿಲ್ರಿ ಕಾಕಾ!"

ಲಕ್ಕವ್ವನನ್ನು ಕರೆದೆ. ಅಲುಗಿತು. ನನ್ನ ಬೆರಳು ಇಟ್ಟೆ, ಮೊಣಕೈಯನ್ನು ಟೇಬಲ್ಲಿಗೆ ಒತ್ತಿ ಹಿಡಿದೆ. ಅಲುಗಿತು. ನಾನು ಎಷ್ಟು ಬಿಗಿ ಹಿಡಿದರೂ ಆ ಚುಕ್ಕಿ ತನ್ನಷ್ಟಕ್ಕೆ ಮಿಡಿಯುತ್ತಲೇ ಇತ್ತು. ನನ್ನ ನೆತ್ತರು ಅಲ್ಲಿ ಬಡಿದುಕೊಳ್ಳುವುದನ್ನು ನಾನು ಕಣ್ಣಾರೆ ನೋಡುತ್ತಿದ್ದೆ ಎನ್ನಿಸಿತು. ಇಷ್ಟು ವರ್ಷ ಸಾವಿರಾರು ಬೆರಳುಗಳು ನನ್ನ ಬಟನ್ನುಗಳ ಮೇಲೆ ಬಂದು ಹೋಗಿದ್ದವು. ಅವೆಲ್ಲವೂ ನಡುಗುವ ಬೆರಳುಗಳೇ. ಬದುಕಿರುವ ಯಾವ ಕೈಯೂ ಸ್ಥಿರವಲ್ಲ. ಗೌರವ್ವನದು ಕಣ್ಣಿಗೆ ಕಾಣುತ್ತದೆ, ನಮ್ಮದು ಕಾಣುವುದಿಲ್ಲ, ಅಷ್ಟೇ.

ಜಹಗೀರದಾರ ಸರ್ ಅವರಿಗೆ ಫೋನ್ ಮಾಡಿ ಹೇಳಿದೆ. ಅವರು ಆಗಲೇ ಕಾರ್ಖಾನೆಗೆ ಬರುವುದು ಬಿಟ್ಟು ಮನೆಯಲ್ಲಿದ್ದರು. "ನಾವು ಇಷ್ಟು ದಿನ ಅಲ್ಲಾಡೋದನ್ನ ಕಸ ಅಂತ ಸೋಸಿ ಚೆಲ್ಲಿದ್ವಲ್ಲೋ ಮಲ್ಲಣ್ಣ" ಎಂದರು. ನಿಜ. ಚುಕ್ಕಿ ಅಲುಗದಂತೆ ಮಾಡುವುದನ್ನೇ ನಾವು ಜಾಣತನ ಎಂದುಕೊಂಡಿದ್ದೆವು.

ಆ ಕಸವನ್ನೇ ಕಾವಲಿಗೆ ಇಟ್ಟೆ. ಮುಟ್ಟಿದ್ದು ಸ್ವಲ್ಪವೂ ಅಲುಗದೆ ನಿಂತರೆ ಅದು ಮನುಷ್ಯನಲ್ಲ, ಸಂಖ್ಯೆಯನ್ನು ನಿಲ್ಲಿಸು. ಎಷ್ಟಾದರೂ ಅಲುಗಲಿ, ಅಲುಗುತ್ತಿದ್ದರೆ ಜೀವ ಇದೆ, ಅದರ ಮಾತು ಕೇಳು. ಪ್ರೋಗ್ರಾಮಿನಲ್ಲಿ ಅದು ಕೆಲವೇ ಸಾಲು.

ಮರುದಿನ ಸಂಜೆ ಸವಿತಾ ತಾನೇ ಪರೀಕ್ಷೆಗೆ ನಿಂತಳು. ಹಸಿ ವಿಭೂತಿ ಹಚ್ಚಿದಳು. ಸಂಖ್ಯೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟಿತು. ಹಸಿ ಹಿಟ್ಟು ಮೆತ್ತಿದಳು, ನಿಂತಿತು. ಎಸರು ಚಿಮುಕಿಸಿದಳು, ಒದ್ದೆ ಬಟ್ಟೆ ಹಾಸಿದಳು. ಎಲ್ಲಕ್ಕೂ ಅಷ್ಟೇ, ಒಂದು ಹೆಜ್ಜೆ ಇಟ್ಟು ಅನುಮಾನದಿಂದ ನಿಲ್ಲುತ್ತಿತ್ತು. ಬಿಡದೆ ಎಲ್ಲ ಹಚ್ಚಿ ನೋಡಿದಳು. ಗಿರಾಕಿ ಎಂದರೆ ಹೀಗಿರಬೇಕು. ಹೊಸಬರೇ, ನಿಮ್ಮ ಕೆಲಸವನ್ನು ಮೆಚ್ಚುವವರಿಗಿಂತ ಕೆಡಿಸಲು ನೋಡುವವರ ಹತ್ತಿರ ಮೊದಲು ಒಯ್ಯಿರಿ.

ಅಮಾವಾಸ್ಯೆಯ ಮರುದಿನ ಮುಂಜಾನೆ ಗ್ಯಾಸು ಹೊತ್ತಿಸಿದರು. ಆಪರೇಟರ್ ಬಸ್ಸು ಹತ್ತುವ ಮೊದಲು ಫೋನ್ ಮಾಡುತ್ತೇನೆ ಎಂದು ಹೇಳಿದ್ದನಂತೆ. ಸವಿತಾ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು. ಗೌರವ್ವ ಚೌಕಟ್ಟಿಗೆ ವಿಭೂತಿ ಎಳೆದರು. ಪರಾತದಲ್ಲಿದ್ದ ಹಿಟ್ಟಿನೊಳಗೆ ಕೈ ಇಟ್ಟು ಹಿಸುಕಿ ನೋಡಿದರು. ಹೊಸ ಜೋಳ. ಆಮೇಲೆ ಪರದೆಯ ಮುಂದೆ ಬಂದು ಬೆರಳು ಇಟ್ಟರು. ಸಂಖ್ಯೆ ಏರತೊಡಗಿತು. ಅವರು ಬಿಟ್ಟರು. ಅದು ನಿಂತಿತು.

ಮೊದಲ ರೊಟ್ಟಿ ಮಷೀನಿನ ಬೆಲ್ಟಿನ ಮೇಲೆ ಸಾಗಿ ಬಂತು. ಗೌರವ್ವ ಅದನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಮುರಿದರು. ಸದ್ದು ಕೇಳಿ ಮುಖ ಸ್ವಲ್ಪ ಕಿವುಚಿದರು.

"ಕಾವು ಈಟ ಹೆಚ್ಚಾತು."

ಕಳೆಯುವ ಬಟನ್ನಿನ ಮೇಲೆ ಬೆರಳು ಇಟ್ಟರು. ಅದು ಗಾಜಿನ ಮೇಲೆ ಪಟಪಟ ನಡುಗಿತು. ಆಮೇಲೆ ಎತ್ತಿದರು. ಸಂಖ್ಯೆ ಇಳಿದದ್ದು ಒಂದು. ಒಂದೇ ಒಂದು.

ಎರಡನೆಯ ರೊಟ್ಟಿಯನ್ನು ಮುರಿದಾಗ ಅವರು ಮುಖ ಕಿವುಚಲಿಲ್ಲ. ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಸೊಸೆಯ ಕಡೆ ಚಾಚಿದರು. ಅಷ್ಟರಲ್ಲಿ ಫೋನು ಬಂತು. ಸವಿತಾ ರೊಟ್ಟಿ ಅಗಿಯುತ್ತಲೇ ಎತ್ತಿದಳು.

"ಬರೂದು ಬ್ಯಾಡ್ರೀ ಅಣ್ಣಾರ. ಕಾವು ಇಡೋರು ನಮ್ಮ ಮನ್ಯಾಗ ಅದಾರ."